ನಾಲ್ಕನೇ ಖಾರ

ಸೋಮವಾರ ಹನ್ನೊಂದೂವರೆಗೆ ಸುನ್‌ಹಾ ಗಾಡಿಯ ಮುಂದೆ ಬಂದು ನಿಂತು, "ಚಿಕ್ಕಮ್ಮ, ನಾಲ್ಕನೇ ಖಾರ," ಅಂದಳು.

ಪ್ಯೊ ಓಕ್‌ಬುನ್ ಸೌಟು ಎತ್ತಲಿಲ್ಲ. ಅವಳ ತೊಕ್‌ಬೊಕ್ಕಿಯ ಖಾರಕ್ಕೆ ನಾಲ್ಕು ಮಟ್ಟ, ನಾಲ್ಕನೆಯದೇ ಕಡೆಯದು. ಬೆರಳುದ್ದದ ಅಕ್ಕಿ ಕಡುಬು ಕೆಂಪು ಗೊಜ್ಜಿನಲ್ಲಿ ಮುಳುಗಿ ಕಾಣದಂತಾಗುವ ಖಾರ. ನಾಲ್ಕು ದಿನದಲ್ಲಿ ಈ ಹುಡುಗಿ ಅದನ್ನು ಕೇಳಿದ್ದು ಒಂಬತ್ತನೇ ಸಲ. ಅದು ಬಿಟ್ಟರೆ ಬೇರೇನೂ ತಿಂದಂತಿರಲಿಲ್ಲ.

ಸಿಯೋಲ್ ನಗರದ ನೊರ್ಯಾಂಗ್‌ಜಿನ್‌ನಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರು ನಿಂತುಕೊಂಡೇ ಉಣ್ಣುತ್ತಾರೆ. ಅವರಿಗೆ ಬಡಿಸುತ್ತ ಓಕ್‌ಬುನ್ ಹತ್ತೊಂಬತ್ತು ವರ್ಷ ಕಳೆದಿದ್ದಾಳೆ. ಹೇಗಿದ್ದೀರಿ ಎಂದು ಯಾರನ್ನೂ ಕೇಳುವವಳಲ್ಲ, ತಟ್ಟೆ ನೋಡುತ್ತಾಳೆ. ಸಿಟ್ಟು ಬಂದವರು ಕರಿದದ್ದನ್ನು ಕಟಕಟ ಕಡಿಯುತ್ತಾರೆ. ಮನೆ ನೆನಪಾದವರು ಬರೀ ಸಾರು ಕೇಳುತ್ತಾರೆ. ಹೆದರಿದವರಿಗೆ ಖಾರ ಬೇಕು; ಬಾಯಿ ಉರಿಯುವಷ್ಟು ಹೊತ್ತು ಒಳಗಿನ ಉರಿ ಗೊತ್ತಾಗುವುದಿಲ್ಲ. ಅವಳ ಲೆಕ್ಕ ತಪ್ಪಿದ್ದನ್ನು ಕಂಡವರು ಆ ಬೀದಿಯಲ್ಲಿ ಕಡಿಮೆ.

ಸುನ್‌ಹಾ ಎರಡು ಸಲ ಫೇಲಾಗಿದ್ದಳು. ಮೂರನೇ ಪರೀಕ್ಷೆ ಶನಿವಾರ. ನಿನ್ನೆ ಕೂಡ, ತಿಂದದ್ದನ್ನೆಲ್ಲ ಗಾಡಿಯ ಹಿಂದೆ ಕಕ್ಕಿ, ಬಾಯಿ ಮುಕ್ಕಳಿಸಿ ತರಗತಿಗೆ ಹೋಗಿದ್ದಳು. ಹೀಗೇ ಆದರೆ ಪರೀಕ್ಷೆಯಲ್ಲಿ ನೆಟ್ಟಗೆ ಕೂರುವುದೂ ಅನುಮಾನ.

"ನಿನಗೆ ಖಾರ ಇಲ್ಲ."

"ಯಾಕೆ, ದುಡ್ಡು ಕೊಡ್ತೀನಲ್ಲ?"

"ಕೊಡ್ತೀಯ. ಹೊಟ್ಟೆ ಎಲ್ಲಿಂದ ತರ್ತೀಯ?"

ಸುನ್‌ಹಾ ಮುಖ ತಿರುಗಿಸಿ ಪಕ್ಕದ ಗಾಡಿಗೆ ಹೋದಳು. ಅದು ಮಾನ್‌ಸಿಕ್‌ನದು. ಅವನೂ ಓಕ್‌ಬುನ್ನೂ ಗಿರಾಕಿಗಳಿಗಾಗಿ ವರ್ಷಗಟ್ಟಲೆ ಕಿತ್ತಾಡಿದವರು. ಅವನು ಈಚೆ ನೋಡಿದ. ಓಕ್‌ಬುನ್ ಬೇಡವೆಂದು ತಲೆಯಾಡಿಸಿದಳು.

"ಖಾರದ ಪುಡಿ ಮುಗಿದುಹೋಯ್ತು ಕಣಮ್ಮ," ಅಂದ ಮಾನ್‌ಸಿಕ್.

"ಡಬ್ಬಿ ತುಂಬ ಇದೆಯಲ್ಲ ಮಾಮ."

"ಅದಾ? ಅದು ಅಲಂಕಾರಕ್ಕೆ ಇಟ್ಟಿರೋದು."

ಸಂಜೆಯೊಳಗೆ ಓಕ್‌ಬುನ್ ಉಳಿದ ಗಾಡಿಯವರಿಗೂ ಹೇಳಿ ಬಂದಳು. ಎರಡು ದಿನ ಸುನ್‌ಹಾಗೆ ಎಲ್ಲೂ ಖಾರ ಸಿಗಲಿಲ್ಲ. ಬುಧವಾರ ಬೀದಿ ಪೂರ್ತಿ ಸುತ್ತಿ ಓಕ್‌ಬುನ್ ಮುಂದೆಯೇ ಬಂದು ನಿಂತಳು. "ಏನಿದ್ಯೋ ಅದು ಕೊಡಿ," ಅಂದಳು.

ಓಕ್‌ಬುನ್ ಇದಕ್ಕೇ ಕಾದಿದ್ದಳು. ಮನೆಯಲ್ಲಿ ಎರಡು ಗಂಟೆ ಕುದಿಸಿ ತಂದ ಸಾರನ್ನು ಬಟ್ಟಲಿಗೆ ಬಗ್ಗಿಸಿದಳು. ಸಮುದ್ರದ ಪಾಚಿ, ಚೂರು ದನದ ಮಾಂಸ, ಎಳ್ಳೆಣ್ಣೆ. ಕೆಟ್ಟ ಹೊಟ್ಟೆಗೆ ಅದಕ್ಕಿಂತ ಹಿತವಾದದ್ದು ಅವಳಿಗೆ ಗೊತ್ತಿರಲಿಲ್ಲ. ಮಗಳ ಬಾಣಂತನದಲ್ಲಿ ಮೂರು ವಾರ ಅದನ್ನೇ ಬಡಿಸಿದ್ದಳು.

ಬಟ್ಟಲು ನೋಡಿದ ಮಾನ್‌ಸಿಕ್ ಸೌಟು ಕೆಳಗಿಟ್ಟ. "ಅಕ್ಕಾ, ಪರೀಕ್ಷೆ ವಾರದಲ್ಲಿ ಪಾಚಿ ಸಾರಾ? ತಲೆ ನೆಟ್ಟಗಿದೆಯಾ?"

ಪಕ್ಕದಲ್ಲಿ ಉಣ್ಣುತ್ತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಪಾಚಿ ಜಾರುತ್ತದೆ, ಆ ಊರಿನಲ್ಲಿ ಪಾಚಿ ಸಾರು ಕುಡಿದ ಎಂದರೆ ಫೇಲಾದ ಎಂದೇ ಅರ್ಥ. ಇಷ್ಟು ವರ್ಷದಲ್ಲಿ ಪರೀಕ್ಷೆಯ ತಿಂಗಳು ಓಕ್‌ಬುನ್ ಪಾಚಿಯನ್ನು ಗಾಡಿಯ ಹತ್ತಿರ ತಂದವಳಲ್ಲ. ಈ ಸಲ ಹುಡುಗಿಯ ಹೊಟ್ಟೆಯೊಂದೇ ತಲೆಯಲ್ಲಿತ್ತು. ಬಟ್ಟಲು ಎಳೆದುಕೊಳ್ಳಲು ಓಕ್‌ಬುನ್ ಕೈ ಚಾಚಿದಳು.

ಸುನ್‌ಹಾ ಬಿಡಲಿಲ್ಲ. ಬಟ್ಟಲಿನ ಅಂಚು ಹಿಡಿದುಕೊಂಡು ಸಾರು ನೋಡಿದಳು. ಆಮೇಲೆ ನಗು ಬಂತು, ತಡೆಯಲಾಗದಂಥ ನಗು.

"ಎರಡು ಸಲ ಇದನ್ನ ಮೂಸಿಯೂ ನೋಡದೆ ಫೇಲಾಗಿದ್ದೀನಿ. ಬಿಡಿ ಚಿಕ್ಕಮ್ಮ."

ಕುಡಿದಳು. ಅನ್ನ ಕೇಳಿ ಅದರಲ್ಲೇ ಕಲಸಿಕೊಂಡಳು. ಇನ್ನೊಂದು ಬಟ್ಟಲಿಗೆ ಕೈ ಚಾಚಿದಾಗ ಮಾನ್‌ಸಿಕ್, "ಆ ಕಡೆ ತಿರುಗಿಕೊಂಡು ಕುಡಿ ತಾಯಿ, ನನ್ನ ಗಿರಾಕಿಗಳಿಗೆ ತಗುಲೀತು," ಅಂದ.

ಅಂದು ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಗುರುವಾರ, ಶುಕ್ರವಾರವೂ ನಿಂತಿತು.

ಶನಿವಾರ ಪರೀಕ್ಷೆ ಹತ್ತಕ್ಕೆ. ಓಕ್‌ಬುನ್ ಏಳಕ್ಕೇ ಗಾಡಿ ತೆರೆದಳು. ಸುನ್‌ಹಾ ಖಾರ ಕೇಳದೆ ಬಿಸಿ ಅನ್ನ, ಎರಡು ಮೊಟ್ಟೆ ತಿಂದು ಎಂಟರ ಬಸ್ಸು ಹತ್ತಿದಳು.