ನಮ್ಮ ಕೂಸಲ್ಲ ಎಂದ ದಿನ

ಕೆಟ್ಟದ್ದು ಶುರುವಾದದ್ದು ಬೆಳಿಗ್ಗೆ ಹತ್ತೂವರೆಗೆ. ಜಮಖಂಡಿಯ ಬಸ್ಸಿಗೆ ಇನ್ನೂ ಹೊತ್ತಿದೆಯೇ ಎಂದು ನಾನು ಅಕ್ಕನ ಮನೆಯ ಗಡಿಯಾರ ನೋಡಿದ್ದೆ, ಅದಕ್ಕೇ ನೆನಪಿದೆ. ಅದೇ ಹೊತ್ತಿಗೆ ಅಕ್ಕನ ಅತ್ತೆ ಮೊಮ್ಮಗನನ್ನು ಮೊರದಲ್ಲಿ ಮಲಗಿಸಿಕೊಂಡು ಹೊಸ್ತಿಲು ದಾಟಿದರು. ಅವರನ್ನು ಮನೆಯಲ್ಲಿ ಎಲ್ಲರೂ ಅಜ್ಜಿ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಅದು ಬನಹಟ್ಟಿಯಿಂದ ಆಟೋದಲ್ಲಿ ಹೋಗುವಷ್ಟು ದೂರದ ಊರು. ಹೆಸರು ಬೇಡ. ಅರ್ಧ ಊರು ಮಗ್ಗದ್ದು, ಅರ್ಧ ಕಬ್ಬಿನದು. ಅಕ್ಕ ಬಾಣಂತನ ಮುಗಿಸಿ ತವರಿನಿಂದ ಬಂದು ಹೆಚ್ಚು ದಿನ ಆಗಿರಲಿಲ್ಲ. ಕೂಸನ್ನು ಓಣಿಯವರಿಗೂ ಇನ್ನೂ ತೋರಿಸಿರಲಿಲ್ಲ. ಅದಕ್ಕೆ ಮುಂಚಿನ ಎರಡೂ ಕೂಸು ಅವಳಿಗೆ ಉಳಿದಿರಲಿಲ್ಲ.

ಇಂಥ ಮನೆಗಳಲ್ಲಿ ಮೂರನೆಯ ಕೂಸನ್ನು ಮಾರುತ್ತಾರೆ. ಖರೆ ಮಾರಾಟವಲ್ಲ. ಊರಿನವಳಲ್ಲದ ಹೆಂಗಸಿನ ಉಡಿಯಲ್ಲಿ ಕೂಸನ್ನು ಹಾಕಬೇಕು. ಆಕೆ ಅದನ್ನೆತ್ತಿಕೊಂಡು ಊರಬಾಗಿಲಾದ ಅಗಸಿ ದಾಟಿ ನಿಲ್ಲಬೇಕು. ಮನೆಯವರು ಹಿಂದೆ ಹೋಗಿ, ಯಾರದೋ ಕೂಸೆಂಬಂತೆ ಜೋಳ, ಕುಬಸ ಕೊಟ್ಟು ಕೊಂಡು ತರಬೇಕು. ಆಗ ಮೊದಲಿನ ಕೂಸುಗಳನ್ನು ಒಯ್ದ ಸಾವಿಗೆ ಇದು ಈ ಮನೆಯದೆಂದು ಗುರುತು ಹತ್ತುವುದಿಲ್ಲ. ಕಟ್ಟುಪಾಡು ಒಂದೇ. ಕೊಂಡು ತರುವ ತನಕ ಯಾರು ಕೇಳಿದರೂ ಇದು ನಮ್ಮ ಕೂಸು ಅನ್ನಬಾರದು, ನಾವೇ ಕೊಟ್ಟೆವು ಅಂತಲೂ ಅನ್ನಬಾರದು. ತಾಯಿಯಂತೂ ಮನೆ ಬಿಟ್ಟು ಹೊರಗೆ ಬರಬಾರದು.

ವರ್ಷಕ್ಕೊಮ್ಮೆ ಬುಟ್ಟಿ ಮಾರಲು ಬರುತ್ತಿದ್ದ ಹೆಂಗಸೊಬ್ಬಳು ಈ ಕೆಲಸ ಬಲ್ಲವಳಾಗಿದ್ದಳು. ಆ ವರ್ಷ ಅವಳು ಬರಲಿಲ್ಲ. ಕೂಸಿನ ಜ್ವರ ಇಳಿಯುತ್ತಿರಲಿಲ್ಲ. ಬನಹಟ್ಟಿಯ ಡಾಕ್ಟರರ ಔಷಧಿ ನಡೆದಿತ್ತು, ಆದರೆ ಅಜ್ಜಿಗೆ ಕಾಯುವ ಧೈರ್ಯವಿರಲಿಲ್ಲ. ಕಬ್ಬಿನ ಕಟಾವಿಗೆ ಕೊಯ್ತಾ ಎಂಬ ಕತ್ತಿ ಬಡಿದು ಮಾರಲು ಉತ್ತರದ ಕಡೆಯ ಕಮ್ಮಾರರು ಕಾಲುವೆಯ ಪಕ್ಕ ಡೇರೆ ಹಾಕಿದ್ದರು. ಅಂಥವರು ಆ ಊರಿಗೆ ಬಂದದ್ದು ಅದೇ ಮೊದಲು. ಅವರಲ್ಲೊಬ್ಬ ಹೆಂಗಸು ಇಳಿಗೆ, ಇಕ್ಕಳ ಹೊತ್ತು ಓಣಿಯಲ್ಲಿ ಬಂದಾಗ ಅಜ್ಜಿ ಕರೆದರು.

ನಾನು ಚೀಲ ತುಂಬಿ ಹೊರಗೆ ಬರುವಷ್ಟರಲ್ಲಿ ಕೂಸು ಆಕೆಯ ಉಡಿಯಲ್ಲಿತ್ತು. ಅಜ್ಜಿ ಪದ್ಧತಿಯಂತೆ ಬೆನ್ನು ತಿರುಗಿಸಿ ಗೋಡೆಗೆ ಮುಖಮಾಡಿ ಕೂತಿದ್ದರು. ಆಕೆ ಅಂಗೈ ಹಿಂಬದಿಯಿಂದ ಕೂಸಿನ ಹಣೆ ಮುಟ್ಟಿದಳು, ಹುಬ್ಬು ಗಂಟಿಕ್ಕಿದಳು, ಓಢಣಿಯಲ್ಲಿ ಸುತ್ತಿಕೊಂಡು ಸರಸರ ನಡೆದುಬಿಟ್ಟಳು. ಅವಳಿಗೆ ಎಲ್ಲಾ ತಿಳಿದಿದೆಯೇ ಎಂದು ಒಳಗಿದ್ದ ಅಕ್ಕನನ್ನು ಕೇಳಿದೆ. ಅತ್ತೆ ಕೈಸನ್ನೆ ಮಾಡಿ ಹೇಳಿದ್ದಾರೆ ಎಂದಳು.

ಸೆರಗಿನಲ್ಲಿ ಜೋಳ ಕಟ್ಟಿಕೊಂಡ ಅಜ್ಜಿಯ ಜೊತೆ ನಾನೂ ಹೊರಟೆ. ಅಗಸಿಯಲ್ಲಿ ಯಾರೂ ಇರಲಿಲ್ಲ. ಚಹಾದಂಗಡಿಯ ಮುಂದೆ ಮಾತ್ರ ಒಬ್ಬ, ಕೂಸನ್ನು ಮುಚ್ಚಿಕೊಂಡು ಹೊರಗಿನವಳೊಬ್ಬಳು ಓಡಿದಳೆಂದು ಫೋನಿನಲ್ಲಿ ಕೂಗಿ ಹೇಳುತ್ತಿದ್ದ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಆ ವಾರವೆಲ್ಲಾ ಎಲ್ಲರ ಫೋನಿನಲ್ಲೂ ತಿರುಗುತ್ತಿತ್ತು, ನನ್ನದರಲ್ಲೂ. ಮಗ್ಗಗಳು ಒಂದೊಂದಾಗಿ ನಿಂತವು. ಆ ಊರು ಹಗಲಿನಲ್ಲಿ ಅಷ್ಟು ಸುಮ್ಮನಾದದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಚಪ್ಪಲಿಗಳ ಸದ್ದು.

ನಾವು ಕಾಲುವೆ ಮುಟ್ಟುವಾಗ ಆಕೆಯನ್ನು ಕೂದಲು ಹಿಡಿದು ದಂಡೆಯ ಮೇಲೆ ಎಳೆದಿದ್ದರು. ಕೂಸು ಯಾರೋ ಗಂಡಸಿನ ತೋಳಿನಲ್ಲಿ ಚೀರುತ್ತಿತ್ತು, ಅದರ ತಲೆ ಒದ್ದೆಯಾಗಿತ್ತು. ಒಬ್ಬ ಕಬ್ಬಿನ ಗಳದಿಂದ ಆಕೆಯ ಬೆನ್ನಿಗೆ ಹೊಡೆಯುತ್ತಿದ್ದ. ಗಳ ಮುರಿದಾಗ ಇನ್ನೊಂದು ಕೊಟ್ಟರು. ಯಾರೋ ಬೂಟುಗಾಲಿನಿಂದ ಮುಖಕ್ಕೆ ಒದ್ದರು. ಎಡಗಣ್ಣು ಹೋದದ್ದು ಆಗ ಎಂದು ಡಾಕ್ಟರರು ಆಮೇಲೆ ಹೇಳಿದರು. ಸುತ್ತ ನಿಂತವರ ಕೈಗಳೆಲ್ಲ ಮೇಲಿದ್ದವು, ಎಲ್ಲರ ಕೈಯಲ್ಲೂ ಫೋನು.

ಪಕ್ಕದ ಓಣಿಯ ಮಗ್ಗದ ಹುಡುಗನೊಬ್ಬ ಅಜ್ಜಿಯನ್ನು ಗುರುತು ಹಿಡಿದ.

“ಬೇ ಯಮ್ಮಾ, ಇದು ನಿಮ್ಮ ಮನಿ ಕೂಸೇನ?”

ಅಜ್ಜಿ ಕೂಸನ್ನು ನೋಡಲೇ ಇಲ್ಲ. ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನಮ್ಮದಲ್ಲ,” ಅಂದರು.

ಇದು ನನ್ನ ಅಕ್ಕನ ಕೂಸು, ಇವರೇ ಕೊಟ್ಟಿದ್ದಾರೆ ಎಂದು ನಾನು ಕೂಗಿದೆ. ಒಬ್ಬ ತಿರುಗಿ, “ನೀ ಯಾರವಾ? ಮನಿಯಾಕಿನ ಅಲ್ಲ ಅನ್ನಾಕತ್ತಾಳ, ನಿಂದೇನ ನಡುವ?” ಅಂದ. ಇನ್ನೊಬ್ಬ, ಇವಳೂ ಕಳ್ಳರ ಪೈಕಿಯವಳೇ ಇರಬೇಕು, ಹಿಂದಿ ಬರುತ್ತದೋ ಕೇಳಿ ಎಂದ. ನಾನು ಆಕೆಯ ಮೇಲೆ ಅಡ್ಡ ಬಿದ್ದೆ. ಧೈರ್ಯದಿಂದ ಅಲ್ಲ, ಯಾರೋ ನೂಕಿದ್ದರಿಂದ. ಬಿದ್ದ ಮೇಲೆ ಏಳಲಿಲ್ಲ ಅಷ್ಟೇ. ಮೊದಲ ಏಟು ಹೆಗಲ ಮೂಳೆಗೆ ಬಿತ್ತು. ಆ ಸದ್ದು ಈಗಲೂ ಬಸ್ಸಿನ ಬಾಗಿಲು ಬಡಿದಾಗ ಕೇಳುತ್ತದೆ.

ಆಗ ಡೇರೆಯ ಕಡೆಯಿಂದ ಆಕೆಯ ಗಂಡ ಓಡಿಬಂದ. ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಡಲು ಅವನಿಗೆ ಹೊಳೆದಿರಲಿಲ್ಲ. ಸುತ್ತಿಗೆ ಕಂಡದ್ದೇ ಜನ ಆಕೆಯನ್ನು ಬಿಟ್ಟು ಅವನ ಮೇಲೆ ಹೋದರು. ಅವನೇ ಬಡಿದು ಸಾಲಾಗಿಟ್ಟಿದ್ದ ಕೊಯ್ತಾಗಳ ಹಿಡಿಗಳಿಂದ ಹೊಡೆದರು. ಅವನು ಎರಡೂ ಕೈ ಜೋಡಿಸಿದ್ದನ್ನು ನಾನು ಕಾಲುಗಳ ನಡುವಿನಿಂದ ನೋಡಿದೆ. ಕೊನೆಗೆ ಯಾರೋ ಕಾಲುವೆಯ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ಅವನ ತಲೆಯ ಮೇಲೆ ಹಾಕಿದರು.

ಹೊಡೆತ ನಿಂತದ್ದು ಅಕ್ಕ ಬಂದಾಗ. ಬರಬಾರದವಳು ಬರಿಗಾಲಲ್ಲಿ ಬಂದಳು. ಆ ಗಂಡಸಿನ ತೋಳಿನಿಂದ ಕೂಸನ್ನು ಕಿತ್ತುಕೊಂಡು ಅಲ್ಲೇ ದಾರಿಯ ನಡುವೆ ಕೂತು ಹಾಲು ಕೊಟ್ಟಳು. ಕೂಸು ಸುಮ್ಮನಾಯಿತು. ಜನರೂ ಸುಮ್ಮನಾದರು. ಒಬ್ಬೊಬ್ಬರೇ ಫೋನು ಇಳಿಸಿ ಕಿಸೆಯಲ್ಲಿಟ್ಟುಕೊಂಡರು. ಅಜ್ಜಿಯ ಸೆರಗು ಬಿಚ್ಚಿ ಜೋಳವೆಲ್ಲ ನೆಲಕ್ಕೆ ಚೆಲ್ಲಿತ್ತು. ಕೊಂಡುಕೊಳ್ಳುವುದು ಆಗಲೇ ಇಲ್ಲ.

ಕಮ್ಮಾರರ ಆ ಹೆಂಗಸಿನ ಗಂಡ ಜಮಖಂಡಿಯ ಆಸ್ಪತ್ರೆಯಲ್ಲಿ ಸತ್ತ. ಆಕೆಯ ಕಡೆಯ ಹಿಂದಿ ತಿಳಿಯುವವಳು ವಾರ್ಡಿನಲ್ಲಿ ನಾನೊಬ್ಬಳೇ ಆದ್ದರಿಂದ ಪಕ್ಕದಲ್ಲಿ ಕೂತಿದ್ದೆ. ಮುದುಕಿ ಕೂಸಿನ ಜ್ವರಕ್ಕೆ ಮದ್ದು ಕೇಳಿದಳು ಅಂತ ತಿಳಿದುಕೊಂಡೆ ಎಂದು ಆಕೆ ಹೇಳಿದಳು. ಅವರಲ್ಲಿ ಕಾಸಿದ ಕಬ್ಬಿಣ ಅದ್ದಿದ ನೀರನ್ನು ಕೂಸಿನ ತಲೆಗೆ ಚಿಮುಕಿಸಿದರೆ ಜ್ವರ ಇಳಿಯುತ್ತದಂತೆ. ನೀರು ತಣ್ಣಗಾಗುವ ಮೊದಲೇ ತಲುಪಬೇಕೆಂದು ಓಡಿದಳಂತೆ.

ಜಮಖಂಡಿಯಲ್ಲಿ ನಾನು ಇತಿಹಾಸ ಕಲಿಸುವ ತರಗತಿಯಲ್ಲಿ ಹಡಗಿನವರು ಹೊಸ ದಡಕ್ಕೆ ಇಳಿಯುವ ಪಾಠ ಬರುತ್ತದೆ. ಮೊದಲು ಉಡುಗೊರೆ, ಆಮೇಲೆ ಹೆಣ. ಕಾರಣಗಳನ್ನು ನಾನು ಬೋರ್ಡಿನ ಮೇಲೆ ಬರೆಸುತ್ತಿದ್ದೆ: ಭಾಷೆ ತಿಳಿಯದಿರುವುದು, ಅಂಜಿಕೆ, ಆಸೆ. ಕಾಲುವೆಯ ದಂಡೆಯ ಮೇಲೆ ಎರಡೂ ಕಡೆಯವರಿಗೆ ಬೇಕಾಗಿದ್ದದ್ದು ಒಂದೇ, ಕೂಸು ಬದುಕಬೇಕು ಎನ್ನುವುದು. ಅದನ್ನು ಯಾವ ಕಾರಣದ ಕೆಳಗೆ ಬರೆಸಬೇಕೋ ನನಗೆ ತಿಳಿಯುವುದಿಲ್ಲ. ಆ ಪಾಠವನ್ನು ಈಗ ಬೇರೆಯವರಿಗೆ ಬಿಟ್ಟುಕೊಟ್ಟಿದ್ದೇನೆ.

ಪೊಲೀಸರಿಗೆ ನಾನು ಹೇಳಿದೆ, ಅಕ್ಕನೂ ಹೇಳಿದಳು. ಆದರೆ ಕೈಯಾರೆ ಕೂಸು ಕೊಟ್ಟವರು ಅಜ್ಜಿ. ಅವರು ಬಾಯಿ ಬಿಡಲಿಲ್ಲ. ಅವರ ಲೆಕ್ಕದಲ್ಲಿ ಕೂಸು ಇನ್ನೂ ಮನೆಯದಾಗಿರಲಿಲ್ಲ. ನಾನು ಕೊಟ್ಟೆ ಅಂದರೆ ಸಾವಿಗೆ ಮನೆಯ ದಾರಿ ತೋರಿಸಿದ ಹಾಗೆ. ಅವರು ಹೇಳದಿದ್ದರೆ ಸತ್ತವನ ಹೆಂಡತಿ ಕಳ್ಳಿಯಾಗಿಯೇ ಉಳಿಯುತ್ತಾಳೆ, ಹೊಡೆದವರು ಕೂಸು ಉಳಿಸಿದವರಾಗುತ್ತಾರೆ. ಓಣಿಯ ಹಿರಿಯರು ಬಂದು ಕಟ್ಟೆಯ ಮೇಲೆ ಕೂತು, ನಮ್ಮ ಹುಡುಗರು ನಿಮ್ಮ ಕೂಸಿಗಾಗಿ ಹೋದವರು ಎಂದು ನೆನಪಿಸಿ ಹೋದರು. ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಬೈಕೊಂದು ನನ್ನ ಪಕ್ಕ ನಿಧಾನವಾಗಿ ಬಂತು. ಓಡಿಸುತ್ತಿದ್ದವನು ನಕ್ಕು, “ಮೇಡಂರೀ, ಹೆಗಲ ನೋವು ಹೋತೇನ್ರಿ?” ಎಂದು ಕೇಳಿ ಮುಂದೆ ಹೋದ. ಅವತ್ತಿನಿಂದ ನಾನು ಬೆನ್ನನ್ನು ಗೋಡೆಗೆ ಕೊಟ್ಟೇ ನಿಲ್ಲುತ್ತೇನೆ.

ಅಕ್ಕನ ಮನೆಯಲ್ಲಿ ಯಾರೂ ನೆಟ್ಟಗೆ ಮಲಗುತ್ತಿರಲಿಲ್ಲ. ಅಜ್ಜಿ ಕೂಸಿನ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತಿದ್ದರು. ಅವರು ಕೈ ತೆಗೆದರೆ ಅಕ್ಕ ಇಡುತ್ತಿದ್ದಳು. ಇತ್ತ ನನ್ನ ಕೋಣೆಯಲ್ಲಿ ನಾನು ಕಲ್ಲು ಎತ್ತಿದ ಆ ಕೈಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ಪ್ರತಿಸಲವೂ ಆ ಕೈಗಳ ಮೇಲಿನ ಮುಖ ನೋಡಬೇಕು ಅನ್ನುವಷ್ಟರಲ್ಲಿ ಎಚ್ಚರವಾಗುತ್ತಿತ್ತು.

ಸಾಕ್ಷಿಯ ದಿನ ಕೋರ್ಟಿನ ವರಾಂಡದಲ್ಲಿ ನಾವು ಒಂದು ಬೆಂಚಿನಲ್ಲಿ, ಆಕೆ ಎದುರಿನ ನೆಲದ ಮೇಲೆ. ಒಂದು ಕಣ್ಣಿನ ಜಾಗದಲ್ಲಿ ಬರೀ ಚರ್ಮ. ಕೂಸು ಈಗ ನಡೆಯುತ್ತಿತ್ತು. ಆಕೆ ಅದನ್ನೇ ಬಹಳ ಹೊತ್ತು ನೋಡಿ ನನ್ನ ಕಡೆ ತಿರುಗಿ ಏನೋ ಕೇಳಿದಳು.

“ಏನ ಅಂತಾಳ ಆಕಿ?” ಅಜ್ಜಿ ಕೇಳಿದರು.

“ಅವತ್ತಿನ ಜ್ವರ ಇಳೀತೇನ ಅಂತ ಕೇಳ್ತಾಳ.”

ಅಜ್ಜಿ ಕೂಸನ್ನು ಹತ್ತಿರ ಎಳೆದು ಅದರ ತಲೆ ಸವರಿದರು. ಆಮೇಲೆ, “ನೀರ ಹಾಕಿದ್ಲೇನ ಇವನ ತಲೀಗೆ?” ಅಂದರು. ಆಸ್ಪತ್ರೆಯಲ್ಲಿ ಕೇಳಿದ್ದನ್ನು ನಾನು ಎಷ್ಟೋ ಸಲ ಹೇಳಲು ಹೋಗಿದ್ದೆ, ಅವರು ಎದ್ದು ಹೋಗುತ್ತಿದ್ದರು. ಈಗ ತಾವೇ ಕೇಳಿದರು. ಹಾಕಿದ್ದಳು, ಆಗಲೇ ಹಿಡಿದರು ಎಂದೆ.

ಒಳಗೆ ಕರೆದಾಗ ಅಜ್ಜಿ ಕಟಕಟೆ ಹಿಡಿದು ನಿಂತರು. ಆರೋಪಿಗಳ ಬೆಂಚಿನಲ್ಲಿ ಅವರು ಎತ್ತಿ ಆಡಿಸಿದ ಹುಡುಗರೇ ಇದ್ದರು. ವಕೀಲರ ಪ್ರಶ್ನೆ ಮುಗಿಯುವ ಮೊದಲೇ ಹೇಳಿದರು:

“ಅದು ನನ್ನ ಮೊಮ್ಮಗ್ರೀ. ಆಕಿ ಕದ್ದಿಲ್ಲ. ನಾನ ಈ ಕೈಯಾರೆ ಕೊಟ್ಟೀನಿ.”

ಹೊರಗೆ ಬಂದಾಗ ಊರಿನವರು ಯಾರೂ ನಮ್ಮ ಜೊತೆ ನಡೆಯಲಿಲ್ಲ. ಅಕ್ಕ, ಅಜ್ಜಿ ಇಬ್ಬರನ್ನೇ ಬಿಡಲಾಗದೆ ನಾನೂ ಅವರ ಊರಿಗೆ ಹೋದೆ. ಅವತ್ತು ರಾತ್ರಿ ಮೂವರೂ ಕೂಸಿನ ಸುತ್ತ ಎದ್ದೇ ಕೂತೆವು. ನಮ್ಮದೆಂದು ಹೇಳಿದ್ದಕ್ಕೆ ಕೂಸಿಗೆ ಏನಾಗುತ್ತದೋ ಎಂಬ ಹೆದರಿಕೆ ಅಜ್ಜಿಗಿತ್ತು. ಇಷ್ಟೆಲ್ಲ ಓದಿದ ನನಗೂ ಇತ್ತು. ಬೆಳಗಾಯಿತು. ಕೂಸು ಎದ್ದು ಹಾಲು ಬೇಡವೆಂದು ಹಟಮಾಡಿ ರೊಟ್ಟಿ ಕೇಳಿತು. ಆ ದಿನ ಆದಿತ್ಯವಾರ. ಕತ್ತಲಾದ ಮೇಲೆ ಯಾರು ಮೊದಲು ಮಲಗಿದೆವೋ ಗೊತ್ತಿಲ್ಲ. ಸೋಮವಾರ ನಾನು ಕಣ್ಣು ಬಿಟ್ಟಾಗ ಬಿಸಿಲು ಪಡಸಾಲೆಯ ಒಳಗೆ ಬಂದಿತ್ತು. ಅಜ್ಜಿ ಗೋಡೆಯ ಕಡೆ ಹೊರಳಿ, ಎರಡೂ ಕೈ ತಮ್ಮ ಕೆನ್ನೆಯ ಕೆಳಗಿಟ್ಟುಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.