ಫ್ರಿಜ್‌ನಲ್ಲಿಟ್ಟ ಡೀಸೆಲ್ ಬಾಟಲಿ

ಅಂಧೇರಿಯ ಒಂದು ಡೇಟಾ ಸೆಂಟರಿನಲ್ಲಿ ಆರು ಜನರೇಟರುಗಳಿವೆ. ಹನ್ನೆರಡು ವರ್ಷಗಳಿಂದ ಅವನ್ನು ನೋಡಿಕೊಳ್ಳುತ್ತಿರುವವರು ನಮ್ಮ ಚಾಳಿನ ಮೌಲಾಲಿ ಚಾಚಾ. ಕರೆಂಟು ಹೋದರೆ ಅರೆ ನಿಮಿಷದೊಳಗೆ ಅವು ಶುರುವಾಗಬೇಕು. ಇಲ್ಲದಿದ್ದರೆ ಎಲ್ಲೋ ಒಂದು ಬ್ಯಾಂಕಿನ, ಇನ್ನೆಲ್ಲೋ ಒಂದು ಆಸ್ಪತ್ರೆಯ ಕೆಲಸ ನಿಲ್ಲುತ್ತದೆ.

ಚಾಚಾ ಸಿಂದಗಿ ಕಡೆಯವರು. ಮುಂಬೈಗೆ ಬಂದ ಹೊಸದರಲ್ಲಿ ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಬಾಣಲೆ ತಿಕ್ಕಿದವರು. ಮೂರು ಸಲ ಕಾಯಿಸಿದ ಎಣ್ಣೆಯ ವಾಸನೆ ಅವರಿಗೆ ದೂರದಿಂದಲೇ ಗೊತ್ತಾಗುತ್ತದೆ. ಅವರದು ಒಂದೇ ನಿಯಮ. ಟ್ಯಾಂಕರ್ ಬಂದಾಗ ಒಂದು ಗಾಜಿನ ಬಾಟಲಿ ತುಂಬಿಕೊಂಡು, ರಾತ್ರಿಯಿಡೀ ಪ್ಯಾಂಟ್ರಿಯ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಅದು ಗಟ್ಟಿಯಾಗಿಲ್ಲವೆಂದು ನೋಡಿದ ಮೇಲೆಯೇ ರಿಜಿಸ್ಟರಿಗೆ ಸಹಿ ಹಾಕುವುದು.

ಈ ವರ್ಷ ಆಫೀಸಿಗೆ ಹಸಿರು ಡೀಸೆಲ್ಲಿನ ಹುಚ್ಚು ಹಿಡಿಯಿತು. ಕರಿದು ಉಳಿದ ಎಣ್ಣೆಯನ್ನು ಕಾರ್ಖಾನೆಯಲ್ಲಿ ಶುದ್ಧ ಮಾಡಿ ತಯಾರಿಸುವ ಡೀಸೆಲ್ ಅದು. ಅಂಥದ್ದು ನಿಜವಾಗಿಯೂ ಇದೆ. ನೀರಿನಂತೆ ತಿಳಿಯಾಗಿರುತ್ತದೆ, ವಾಸನೆ ಇಲ್ಲ, ಬೆಲೆ ಮಾತ್ರ ಹೆಚ್ಚು. ಮ್ಯಾನೇಜರ್ ಹಿತೇಶ್ ಅದನ್ನು ಅರ್ಧ ಬೆಲೆಗೆ ಕೊಡುವವನೊಬ್ಬನನ್ನು ಹುಡುಕಿದರು. ಅದು ಹೇಗೆ ಸಾಧ್ಯ ಎಂದು ಕೇಳಲಿಲ್ಲ. ಅವರು ವಿಚಾರಿಸಿದ್ದು ಅದರ ಉದ್ಘಾಟನೆಗೆ ತಿಳಿ ಹಸಿರು ಬಲೂನು ಸಿಗುತ್ತದೆಯೋ, ಕಡು ಹಸಿರೋ ಎಂದು.

ಉದ್ಘಾಟನೆಯ ಹಿಂದಿನ ದಿನ ಟ್ಯಾಂಕರ್ ಬಂತು. ಚಾಚಾ ಎರಡು ಹನಿ ಅಂಗೈಗೆ ತಿಕ್ಕಿ ಮೂಸಿದರು.

"ಸಾಹೇಬ್ರ, ಇದು ಭಜಿ ವಾಸ್ನಿ ಹೊಡ್ಯಾಕತ್ತೈತಿ."

"ಹೊಡೀಲಿ ಮಾರಾಯ್ರೆ! ಎಣ್ಣೆಯಿಂದ ಮಾಡಿದ್ದಲ್ವಾ?" ಎಂದರು ಹಿತೇಶ್. "ಕಾಗದ ಉಂಟಲ್ಲ, ಸೈನ್ ಮಾಡಿ."

"ಕಾಗದಾನೂ ಮೂಸೀನಿ, ಅದಕ್ಕೇನ್ ವಾಸ್ನಿ ಇಲ್ಲ. ಬಾಟ್ಲಿ ಒಂದ್ ರಾತ್ರಿ ಫ್ರಿಜ್‌ನಾಗ ಇರ್ಲಿ."

"ನಾಳೆ ಹನ್ನೊಂದಕ್ಕೆ ಹೆಡ್ ಆಫೀಸಿನವರು ಬರ್ತಾರೆ. ಅಷ್ಟರೊಳಗೆ ಸೈನ್ ಆಗ್ಬೇಕು. ಇಲ್ಲಾಂದ್ರೆ ನಾಡಿದ್ದಿಂದ ಬರೋದೇ ಬೇಡ. ನೀವು ಕಾಂಟ್ರಾಕ್ಟ್ ಅಲ್ವಾ ಚಾಚಾ?"

ಸಹಿಗೆ ಕಾಯದೆ ಮೊದಲನೆಯ ಜನರೇಟರಿನ ಟ್ಯಾಂಕಿಗೆ ಎಣ್ಣೆ ಸುರಿಸಿಯೂ ಆಯಿತು.

ಮರುದಿನ ಬಾಡಿಗೆಗೆ ತಂದ ಕುಂಡದ ಗಿಡಗಳು ಜನರೇಟರಿನ ಸುತ್ತ ನಿಂತವು. ಚಾಚಾ ಫ್ರಿಜ್ ತೆರೆದರು. ಬಾಟಲಿಯಲ್ಲಿದ್ದದ್ದು ಬೆಳ್ಳಗಾಗಿತ್ತು, ತಳದಲ್ಲಿ ಡಾಲ್ಡಾದಂತೆ ಗಟ್ಟಿ. ಅದನ್ನು ಅಲ್ಲಿಯೇ ಬಿಟ್ಟು, ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಪ್ಯಾಂಟ್ರಿಯ ಬಾಗಿಲಲ್ಲಿ ಕುಳಿತರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಹಿತೇಶ್ ಮೂರು ಸಲ ಬಂದು ಪೆನ್ನು ಕೊಟ್ಟುಹೋದರು. ಮೂರು ಪೆನ್ನುಗಳಾದವು.

ಹೆಡ್ ಆಫೀಸಿನಿಂದ ಬಂದ ಶ್ರೇಯಾ ಮೇಡಂ ಬಾಯಾರಿಕೆಯೆಂದು ತಾವೇ ಫ್ರಿಜ್ ತೆರೆದರು. ಮುಂಬೈಯಲ್ಲೇ ಹುಟ್ಟಿದವರು, ಕನ್ನಡ ತಡವರಿಸುತ್ತದೆ.

"ಅರೇ, ಇದು... ಮಜ್ಜಿಗೆನಾ?"

ಜೊತೆಗಿದ್ದ ಹಿತೇಶ್ ಬಾಟಲಿ ನೋಡಿದರು, ಚಾಚಾರನ್ನು ನೋಡಿದರು. "ಹೌದು ಮೇಡಂ, ಮಜ್ಜಿಗೆ. ಸ್ಟಾಫಿನವರದ್ದು."

"ಥೋಡಾ ಕುಡೀಲಾ?" ಎಂದು ಅವರು ಮುಚ್ಚಳ ತಿರುಗಿಸಿದರು. ಅಷ್ಟು ಓದಿದ ಹಿತೇಶರ ಬಾಯಿಂದ ಬೇಡ ಎಂಬ ಒಂದು ಮಾತು ಹೊರಡಲಿಲ್ಲ.

ಚಾಚಾ ಎದ್ದರು. "ಕುಡೀಬ್ಯಾಡ್ರಿ ಮೇಡಂ. ಅದು ನಿಮ್ಮ ಹಸಿರು ಡೀಸೆಲ್. ರಾತ್ರಿ ಫ್ರಿಜ್‌ನಾಗ ಇಟ್ಟಿದ್ದಕ್ಕ ಹಿಂಗ ಆಗೈತಿ."

"ಮುಂಬೈಯಲ್ಲಿ ಫ್ರಿಜ್ಜಿನಷ್ಟು ಚಳಿ ಎಲ್ಲುಂಟು ಮೇಡಂ?" ಈಗ ಹಿತೇಶರಿಗೆ ಮಾತು ಬಂತು.

"ಚಳಿ ಇಲ್ಲ, ಖರೆ. ಆದ್ರ ನೀವ್ ಹೇಳಿದ ಮಾಲು ಫ್ರಿಜ್‌ನಾಗ ಗಟ್ಟಿ ಆಗೂದಿಲ್ಲ. ಇದು ಆಗೈತಿ. ಅಂದ್ರ ಇದು ಬ್ಯಾರೆ ಮಾಲು, ಕರದ ಎಣ್ಣಿ ಪೂರ್ತಿ ಶುದ್ಧ ಆಗಿಲ್ಲ. ಮಳಿಗಾಲದಾಗ ನೀರು ಹೀರ್ತೈತಿ, ಫಿಲ್ಟರ್ ಕಟ್ತೈತಿ. ಕರೆಂಟ್ ಹೋದ್ ದಿನಾನ ಮಶಿನ್ ನಿಲ್ತೈತಿ."

ಶ್ರೇಯಾ ಮೇಡಂ ರಿಜಿಸ್ಟರ್ ಕೇಳಿ ಪಡೆದು ಖಾಲಿ ಬಿಟ್ಟ ಸಹಿಯ ಜಾಗ ನೋಡಿದರು. ಮಾಲು ವಾಪಸ್ ಕಳಿಸಿ ಎಂದರು. ಅದನ್ನು ಹೊರತೆಗೆದು ಟ್ಯಾಂಕು ತೊಳೆಯುವ ಕೆಲಸ ಬಲ್ಲವರು ಅಲ್ಲಿ ಒಬ್ಬರೇ ಇದ್ದರು. ಹಾಗಾಗಿ "ನಾಡಿದ್ದಿಂದ ಬರೋದೇ ಬೇಡ" ಎಂಬ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಬಲೂನುಗಳ ಮುಂದೆ ತೆಗೆದ ಫೋಟೋ ಮಾತ್ರ ಲಾಬಿಯಲ್ಲಿ ತೂಗುತ್ತಿದೆ. ಅದರಲ್ಲಿ ಓಡುತ್ತಿರುವುದು ಎರಡನೆಯ ಜನರೇಟರ್, ಹಳೆಯ ಡೀಸೆಲ್ಲಿನದು. ಇಷ್ಟೆಲ್ಲ ಆದ ಮೇಲೆ ಆಫೀಸು ಮಾಡಿದ ಸುಧಾರಣೆ ಒಂದೇ: ಫ್ರಿಜ್ಜಿನ ಬಾಗಿಲಿಗೆ ಮೂರು ಭಾಷೆಯ ಚೀಟಿ, "ಇಲ್ಲಿ ಎಣ್ಣೆಯ ಬಾಟಲಿ ಇಡಬಾರದು." ಮುಂದಿನ ಟ್ಯಾಂಕರ್ ಬಂದ ದಿನ ಚಾಚಾ ಚೀಟಿಯನ್ನು ಪೂರ್ತಿ ಓದಿದರು, ಬಾಗಿಲು ತೆರೆದರು, ಬಾಟಲಿ ಇಟ್ಟರು.