ಅಂದಪ್ಪನ ಕತ್ತರಿಹಲ್ಲು

ಬೆಟಗೇರಿಯ ನೇಕಾರ ಅಂದಪ್ಪನ ಮಗ್ಗದ ಹತ್ತಿರ ಕತ್ತರಿ ಎಂಬುದೇ ಇರಲಿಲ್ಲ. ಹರಿದ ಎಳೆಗೆ ಗಂಟು ಹಾಕಿ, ಉಳಿದ ತುದಿಯನ್ನು ಮುಂದಿನ ಹಲ್ಲಿನಿಂದ ಕಡಿಯುವುದು ಅವನಪ್ಪ ಕಲಿಸಿದ ವಿದ್ಯೆ. ಅಪ್ಪನಿಂದ ಬಂದ ಆಸ್ತಿ ಅದೊಂದೇ ಆದ್ದರಿಂದ ಅದರ ಮೇಲೆ ಅವನಿಗೆ ಭಾರೀ ಅಭಿಮಾನ. ಒಸಡು ಬಾತು, ಕಡಿದ ನೂಲಿಗೆ ರಕ್ತ ಹತ್ತತೊಡಗಿದಾಗ ಅವನಿಗೆ ಸೀರೆಯದೇ ಚಿಂತೆಯಾಯಿತು. ಅಂದಿನಿಂದ ಕೆಂಪು ಸೀರೆಗಳನ್ನೇ ಹೆಚ್ಚು ನೇಯತೊಡಗಿದ.

“ದವಾಖಾನಿಗೆ ತೋರಸ್ರಿ, ಬಾಯಿ ನಾರಾಕತ್ತೈತಿ,” ಎಂದಳು ಹೆಂಡತಿ ಅಮೃತವ್ವ, ಸುಟ್ಟ ತಂಬಾಕಿನ ಪುಡಿಯಿಂದ ತನ್ನ ಹಲ್ಲು ತಿಕ್ಕಿಕೊಳ್ಳುತ್ತಲೇ.

“ಹಲ್ಲ ಕಿತ್ತ ಕೈಯಾಗ ಕೊಡತಾರ. ಆಮ್ಯಾಲೆ ನೂಲ ನೀ ಕಡೀತೀಯೇನು?” ಎಂದ ಅಂದಪ್ಪ, ಅವಳ ಪುಡಿಯಲ್ಲೇ ಒಂದು ಚಿಟಿಕೆ ತೆಗೆದು ಒಸಡಿಗೆ ಒತ್ತಿಕೊಂಡ.

ದೀಪಾವಳಿಯ ಹೊತ್ತಿಗೆ ತಲೆನೋವು ಶುರುವಾಯಿತು. ಹಲ್ಲಿನದೇ ಕಾಟವಿರಬಹುದು ಎಂದಳು ಅಮೃತವ್ವ.

“ಬೋಳತಲಿಗೂ ಮೊಣಕಾಲಿಗೂ ಗಂಟ ಹಾಕಬ್ಯಾಡ,” ಎಂದು ಅವನು ನಕ್ಕ. ಅವಳೂ ಹಲ್ಲಿನ ಮಾತು ಬಿಟ್ಟು, ಉಪ್ಪು ನಿವಾಳಿಸಿ ದೃಷ್ಟಿ ತೆಗೆದಳು.

ಒಂದು ಮುಂಜಾನೆ ಲಾಳಿಯ ಹಗ್ಗ ಎಳೆಯಲು ಹೋದರೆ ಬಲಗೈ ಮೇಲೇಳಲಿಲ್ಲ. ಅವನು ಹಗ್ಗವನ್ನೇ ಬೈದ. ಬೈಗುಳ ಮುಗಿಯುವ ಮೊದಲೇ ನಾಲಿಗೆ ತೊದಲಿತು, ಮೈ ಸೆಟೆದು ಮಗ್ಗದ ಮೇಲೆ ಕುಸಿದ.

ಹುಬ್ಬಳ್ಳಿಯ ದೊಡ್ಡ ದವಾಖಾನೆಯ ಡಾಕ್ಟರು ಸ್ಕ್ಯಾನ್ ನೋಡಿದವರೇ ಅವನ ಬಾಯಿ ತೆರೆಸಿದರು. “ಒಸಡಿನ್ಯಾಗಿನ ಕ್ರಿಮಿ ರಕ್ತದಾಗ ಸೇರಿ ಮಿದುಳಿಗೆ ಹೋದಂಗ ಕಾಣತೈತಿ. ಅಲ್ಲಿ ಕೀವು ಕಟ್ಟೈತವ್ವಾ.”

“ಕೈ ಬರತೈತೇನ್ರಿ ಸಾಹೇಬ್ರ?” ಎಂದು ಕೇಳಿದಳು ಅಮೃತವ್ವ. ಕೈ ಹೋದ ನೇಕಾರ ಬದುಕಿದ್ದೂ ಸತ್ತಂತೆ ಎಂದು ಅವಳಿಗೆ ಗೊತ್ತಿತ್ತು.

“ಮೊದಲ ಜೀವ ಉಳೀಲಿ.”

ತಲೆ ಬೋಳಿಸಿ, ಬುರುಡೆಗೆ ತೂತು ಕೊರೆದು ಕೀವು ತೆಗೆದರು. ಕೆಟ್ಟ ಹಲ್ಲುಗಳೂ ಹೋದವು. ಸೂಜಿ, ಗುಳಿಗೆ ಎಲ್ಲ ಮುಗಿದು ಯುಗಾದಿಯ ಹೊತ್ತಿಗೆ ಕೈ ಮರಳಿತು. ಈಗ ಮಗ್ಗಕ್ಕೆ ಕತ್ತರಿಯೊಂದು ನೇತಾಡುತ್ತದೆ. ಸೀರೆಗೆ ಬಂದ ಗಿರಾಕಿಗಳ ಬಾಯಿ ತೆಗೆಸಿ ಒಸಡು ನೋಡುವುದು ಅಂದಪ್ಪನ ಹೊಸ ಚಟ. ಮನೆಯ ಬಾಯಿಯೊಂದು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಮೊನ್ನೆ ಅಮೃತವ್ವ ಬಚ್ಚಲಲ್ಲಿ ಉಗುಳಿದ್ದು ಕೆಂಪಗಿದ್ದುದು ಮಗ್ಗದಲ್ಲಿ ಕೂತಿದ್ದ ಅಂದಪ್ಪನಿಗೆ ಕಂಡಿತು.

“ನಡಿ, ದವಾಖಾನಿಗೆ ಹೋಗೂಣು,” ಎಂದ.

“ನನಗೇನ ಆಗತೈತ್ರಿ? ನಾ ಏನ ನೂಲ ಕಡದೇನೇನು?” ಎಂದು ಅವಳು ನಕ್ಕು ಮತ್ತೆ ಪುಡಿಗೆ ಬೆರಳು ಹಾಕಿದಳು.

ಆ ನಗು ದೀಪಾವಳಿಯಲ್ಲಿ ಅಂದಪ್ಪ ನಕ್ಕ ನಗುವೇ ಆಗಿತ್ತು. ಮಗ್ಗ ಬಿಟ್ಟೆದ್ದವನು ಅವಳ ಚಪ್ಪಲಿ ಎತ್ತಿ ತಂದು ಬಚ್ಚಲ ಬಾಗಿಲಲ್ಲಿ ಇಟ್ಟ. ಅವಳು ಮೆಟ್ಟಿಕೊಳ್ಳುವವರೆಗೂ ಅಲ್ಲಿಂದ ಕದಲಲಿಲ್ಲ.